ಎ8ರ ಒಂಟೆ: ಸೋಫಿಯಾದ ಹನ್ನೆರಡನೇ ಆಟ

2010ರ ಮೇ 11, ಮಂಗಳವಾರ. ಬಲ್ಗೇರಿಯಾದ ಸೋಫಿಯಾ, ಅಲ್ಲಿನ ಕೇಂದ್ರ ಸೈನಿಕ ಕ್ಲಬ್. ವಿಶ್ವ ಚಾಂಪಿಯನ್‌ಷಿಪ್ಪಿನ ಹನ್ನೊಂದು ಆಟ ಮುಗಿದು ಅಂಕ 5.5–5.5. ಉಳಿದಿದ್ದು ಒಂದೇ ಆಟ. ಬಿಳಿ ಕಾಯಿ ಆ ದೇಶದ್ದೇ ಹುಡುಗ ವೆಸೆಲಿನ್ ಟೊಪಲೋವ್ ಅವರದು, ಕಪ್ಪು ಕಾಯಿ ಹಾಲಿ ಚಾಂಪಿಯನ್ ವಿಶ್ವನಾಥನ್ ಆನಂದ್ ಅವರದು. 31ನೇ ನಡೆಯಲ್ಲಿ ಟೊಪಲೋವ್ ತಮ್ಮ ಇ4ರ ಕಾಲಾಳಿನಿಂದ ಎಫ್5ರ ಕಾಲಾಳನ್ನು ಹೊಡೆದರು. 32ನೇ ನಡೆಯಲ್ಲಿ ಎಫ್3ರ ಕಾಲಾಳಿನಿಂದ ಇ4ರ ಕಾಲಾಳನ್ನು ಹೊಡೆದರು. ಎರಡು ನಡೆ, ಎರಡು ಕಾಲಾಳು, ಎರಡೂ ಪುಕ್ಕಟೆ ಸಿಕ್ಕಂತೆ ಕಾಣುವಂಥವು. ಅಲ್ಲಿಗೆ ಪಟ್ಟ ಹೋಯಿತು.

ಈ ಆಟದ ಬಗ್ಗೆ ಸಾಮಾನ್ಯವಾಗಿ ಕೇಳುವ ಮಾತು 'ಒತ್ತಡ ತಡೆಯಲಾಗದೆ ಟೊಪಲೋವ್ ಎಡವಿದರು' ಎಂಬುದು. ಮಾತು ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಎದುರಿಗೆ ಕೂತಿದ್ದ ಆನಂದ್ ಮೇಲೆ ಒತ್ತಡ ಕಡಿಮೆ ಇತ್ತೇ? ಅದೇ ಪಂದ್ಯದಲ್ಲಿ ಅವರೂ ಎಡವಿದ್ದರು, ಅದೂ ಒಂದಲ್ಲ ಎರಡು ಸಲ. ಹಾಗಾದರೆ ಆ ಮಂಗಳವಾರ ಒಬ್ಬರ ಕೈಯನ್ನು ತಪ್ಪು ಮನೆಗೆ ಎಳೆದದ್ದು ಎಂಥ ಒತ್ತಡ? ನನ್ನ ಮಟ್ಟಿಗೆ ಉತ್ತರ ಆ ದಿನದ ಬೋರ್ಡಿನಲ್ಲಿ ಇರಲಿಲ್ಲ. ಇನ್ನೂ ಆಡದೆ ಉಳಿದಿದ್ದ ಆಟಗಳಲ್ಲಿ, ಅಂದರೆ ಅಂಕ ಸಮವಾದರೆ ಪಟ್ಟ ತೀರ್ಮಾನಿಸಲು ಆಡುವ ಟೈಬ್ರೇಕ್‌ನಲ್ಲಿ ಇತ್ತು.

ಮುಂದೆ ಹೋಗುವ ಮೊದಲು ಹೆಸರುಗಳ ವಿಷಯ. ಇಂಗ್ಲಿಷಿನಲ್ಲಿ ಬಿಷಪ್ ಎನ್ನುವ ಕಾಯಿ ನಮಗೆ ಒಂಟೆ, ರೂಕ್ ಆನೆ, ನೈಟ್ ಕುದುರೆ. ಕ್ವೀನನ್ನು ರಾಣಿ ಎನ್ನುವವರಿದ್ದಾರೆ, ಮಂತ್ರಿ ಎನ್ನುವವರಿದ್ದಾರೆ. ನನ್ನ ಬಾಯಿಗೆ ಬರುವುದು ಮಂತ್ರಿ. ಮನೆಗಳ ಹೆಸರಿನಲ್ಲಿ ಅಕ್ಷರ (ಎಯಿಂದ ಎಚ್) ಉದ್ದಸಾಲಿನದು, ಅಂಕಿ (ಬಿಳಿ ಕಡೆಯಿಂದ 1ರಿಂದ 8) ಅಡ್ಡಸಾಲಿನದು. ಈ ಕಥೆಯ ನಾಯಕ ಒಂದು ಒಂಟೆಯಾದ್ದರಿಂದ ಇಷ್ಟು ಹೇಳಬೇಕಾಯಿತು.

ಪಂದ್ಯ ಶುರುವಾಗುವ ಮೊದಲೇ ಅಡ್ಡಿ ಬಂದಿತ್ತು. ಆ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿ ಉಗುಳಿ ಯೂರೋಪಿನ ವಿಮಾನಗಳೆಲ್ಲ ನೆಲ ಕಚ್ಚಿದ್ದವು. ಫ್ರಾಂಕ್‌ಫರ್ಟಿನಲ್ಲಿ ಸಿಕ್ಕಿಕೊಂಡ ಆನಂದ್ ಮತ್ತು ಅವರ ತಂಡ ರಸ್ತೆ ಹಿಡಿದು ಆಸ್ಟ್ರಿಯಾ, ಹಂಗೆರಿ, ರೊಮೇನಿಯಾ ದಾಟಿ ಸುಮಾರು 40 ಗಂಟೆ ಪ್ರಯಾಣ ಮಾಡಿ ಸೋಫಿಯಾ ತಲುಪಿತು. ಪಂದ್ಯವನ್ನು ಮೂರು ದಿನ ಮುಂದೂಡಿ ಎಂದು ಕೇಳಿದ್ದಕ್ಕೆ ಸಿಕ್ಕಿದ್ದು ಒಂದು ದಿನ. ಏಪ್ರಿಲ್ 24ರಂದು ಮೊದಲ ಆಟಕ್ಕೆ ಕೂತ ಆನಂದ್ ಗ್ರುನ್‌ಫೆಲ್ಡ್ ರಕ್ಷಣೆಯಲ್ಲಿ ತಾವೇ ಸಿದ್ಧಪಡಿಸಿಕೊಂಡಿದ್ದ ನಡೆಗಳ ಕ್ರಮ ಕಲಸಿಕೊಂಡು, 23ನೇ ನಡೆಯಲ್ಲಿ ರಾಜನನ್ನು ಎಫ್7ಕ್ಕೆ ಸರಿಸಿದರು. ಟೊಪಲೋವ್ ಎಫ್6ರಲ್ಲಿ ಕುದುರೆ ಬಲಿ ಕೊಟ್ಟರು, ಆಟ ಮುಗಿಯಿತು. ದಣಿದ ತಲೆ ಹೇಗೆ ಕೈಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮರುದಿನವೇ ಕ್ಯಾಟಲನ್ ಆರಂಭದಿಂದ ಆನಂದ್ ಲೆಕ್ಕ ಸರಿ ಮಾಡಿದರು. ನಾಲ್ಕನೇ ಆಟದಲ್ಲಿ ಅದೇ ಕ್ಯಾಟಲನ್, ಎಚ್6ರ ಮೇಲೆ ಕುದುರೆ ಬಲಿ, ಮುನ್ನಡೆ. ಎಂಟನೆಯದರಲ್ಲಿ ಮತ್ತೆ ಎಡವಟ್ಟು: ಎರಡು ಕಡೆಗೂ ಬೇರೆ ಬೇರೆ ಬಣ್ಣದ ಮನೆಗಳ ಒಂಟೆ ಉಳಿದಿದ್ದ ಅಂತ್ಯದಾಟದಲ್ಲಿ, ಡ್ರಾ ಹಿಡಿಯಬಹುದಾಗಿದ್ದ ಕಡೆ, 54ನೇ ನಡೆಯಲ್ಲಿ ಒಂಟೆಯನ್ನು ಸಿ6ಕ್ಕೆ ಇಟ್ಟು ಆನಂದ್ ಸೋತರು. ಅಂಕ 4–4. ಒಂಬತ್ತನೆಯದರಲ್ಲಿ ಮಂತ್ರಿಗೆ ಎದುರಾಗಿ ಎರಡು ಆನೆ ಇಟ್ಟುಕೊಂಡು ಗೆಲ್ಲಬಹುದಾಗಿದ್ದ ಆಟ ಕೈಜಾರಿ ಡ್ರಾ ಆಯಿತು. ಹತ್ತು, ಹನ್ನೊಂದು ಕೂಡ ಡ್ರಾ.

ಹೀಗೆ ನೋಡಿದರೆ ಕೊನೆಯ ಆಟಕ್ಕೆ ಬರುವ ಹೊತ್ತಿಗೆ ಮನಸ್ಸು ಕುಗ್ಗಿರಬೇಕಾದವರು ಆನಂದ್. ಮುನ್ನಡೆ ಕಳೆದುಕೊಂಡವರು ಅವರು, ಗೆಲುವು ಬಿಟ್ಟುಕೊಟ್ಟವರು ಅವರು, ವಯಸ್ಸು ನಲವತ್ತು, ಕೈಯಲ್ಲಿ ಕಪ್ಪು ಕಾಯಿ, ಆಡುತ್ತಿರುವುದು ಎದುರಾಳಿಯ ದೇಶದಲ್ಲಿ. ಪಂದ್ಯಕ್ಕೆ ಮೊದಲೇ ಟೊಪಲೋವ್ ಇನ್ನೊಂದು ಷರತ್ತು ತಾವೇ ಘೋಷಿಸಿದ್ದರು: ಡ್ರಾ ಕೇಳುವುದಿಲ್ಲ, ಕೇಳಿದರೆ ಒಪ್ಪುವುದಿಲ್ಲ, ಬೋರ್ಡಿನ ಮುಂದೆ ಮಾತೇ ಆಡುವುದಿಲ್ಲ. ಅಂದರೆ ಮೂವತ್ತನೇ ನಡೆಯ ಹೊತ್ತಿಗೆ ಕೈ ಕುಲುಕಿ ಎದ್ದು ಹೋಗುವ ಅನುಕೂಲವೂ ಇರಲಿಲ್ಲ.

ಆದರೂ ಆ ದಿನ ಹೆಚ್ಚು ಇಕ್ಕಟ್ಟಿನಲ್ಲಿದ್ದವರು ಟೊಪಲೋವ್ ಎಂದೇ ನಾನು ಹೇಳುತ್ತೇನೆ. ಹನ್ನೆರಡನೇ ಆಟ ಡ್ರಾ ಆದರೆ ಮುಂದೆ ರ‍್ಯಾಪಿಡ್ ಆಟಗಳು, ಕಡಿಮೆ ಸಮಯದ ಆಟಗಳು. ಹುಡುಗನಾಗಿದ್ದಾಗಿನಿಂದ ಮಿಂಚಿನ ಕೈ ಎಂದೇ ಹೆಸರಾದವರು ಆನಂದ್. 2003ರಲ್ಲಿ ಫ್ರಾನ್ಸಿನ ಕಾಪ್ ದಾಗ್ಡ್‌ನಲ್ಲಿ ವಿಶ್ವ ರ‍್ಯಾಪಿಡ್ ಪಟ್ಟ ಗೆದ್ದವರು. ಟೊಪಲೋವ್ ಬೆನ್ನಿಗೆ ಇದ್ದದ್ದು ಬೇರೆಯೇ ನೆನಪು. 2006ರಲ್ಲಿ ಎಲಿಸ್ತಾದಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ವಿರುದ್ಧ 6–6 ಸಮ ಮಾಡಿಕೊಂಡು, ರ‍್ಯಾಪಿಡ್ ಟೈಬ್ರೇಕ್‌ನಲ್ಲಿ 2.5–1.5ರಿಂದ ಸೋತು ಪಟ್ಟ ಬಿಟ್ಟುಕೊಟ್ಟವರು ಅವರು. ಒಮ್ಮೆ ಸುಟ್ಟ ಬಾಯಿ ಅದು. ಸೋಫಿಯಾದ ಆಟ ಮುಗಿದ ಮೇಲೆ ಅವರೇ ಒಪ್ಪಿಕೊಂಡರು: ಟೈಬ್ರೇಕ್ ತಪ್ಪಿಸಬೇಕಿತ್ತು, ಅದಕ್ಕೇ ಗೆಲುವಿಗೆ ಹೋದೆ ಎಂಬ ಅರ್ಥದಲ್ಲಿ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬೋರ್ಡಿಗೆ ಬರೋಣ. ಇಬ್ಬರಿಗೂ ಸ್ಥಿತಿ ಒಂದೇ, ಬೆಲೆ ಬೇರೆ. ಸಮಸಮ ಎಂಬ ಸ್ಥಿತಿ ಆನಂದ್‌ಗೆ ನಷ್ಟವಲ್ಲ. ಟೊಪಲೋವ್‌ಗೆ ಅದೇ ಸಮಸಮ ಅರ್ಧ ಸೋಲು.

ಆನಂದ್ ಇದನ್ನು ಮೊದಲೇ ಲೆಕ್ಕ ಹಾಕಿದ್ದರು ಎಂಬುದಕ್ಕೆ ಅವರ ಆರಂಭದ ಆಯ್ಕೆಯೇ ಸಾಕ್ಷಿ. ಆ ಪಂದ್ಯದಲ್ಲಿ ಕಪ್ಪು ಕಾಯಿ ಹಿಡಿದಾಗಲೆಲ್ಲ ಅವರು ಸ್ಲಾವ್ ಅಥವಾ ಗ್ರುನ್‌ಫೆಲ್ಡ್ ಆಡಿದ್ದರು. ಹನ್ನೆರಡನೆಯದಕ್ಕೆ ಎರಡನ್ನೂ ಬಿಟ್ಟು, ಮಂತ್ರಿ ಕಡೆಯ ಗ್ಯಾಂಬಿಟ್ಟಿಗೆ ಲಾಸ್ಕರ್ ರಕ್ಷಣೆ ತೆಗೆದರು. 1894ರಿಂದ 1921ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಎಮಾನುಯೆಲ್ ಲಾಸ್ಕರ್ ಹೆಸರಿನದು. ಹಳೇ ಮನೆಯ ತೇಗದ ಬಾಗಿಲಿನ ಹಾಗೆ: ನೋಡಲು ಸೊಗಸಿಲ್ಲ, ಒದ್ದರೆ ಒಡೆಯುವುದಿಲ್ಲ. 7ನೇ ನಡೆಯಲ್ಲಿ ಕಪ್ಪು ಕುದುರೆ ಇ4ಕ್ಕೆ ಹಾರುತ್ತದೆ, ಒಂದು ಜೊತೆ ಒಂಟೆ ಹೋಗುತ್ತವೆ, ಒಂದು ಜೊತೆ ಕುದುರೆ ಹೋಗುತ್ತವೆ. ಬಿಳಿಗೆ ತುಸು ಜಾಗ ಹೆಚ್ಚು, ಕಪ್ಪಿಗೆ ತೊಂದರೆ ಕಡಿಮೆ. ಟೊಪಲೋವ್ ತಂಡ ಸೂಪರ್‌ಕಂಪ್ಯೂಟರ್ ಹಿಡಿದು ತಯಾರಿ ನಡೆಸಿದೆ ಎಂಬ ಸುದ್ದಿ ಆಗ ಜೋರಾಗಿತ್ತು. ಅಂಥ ತಯಾರಿಯ ಎದುರು ಚೂಪಾದ ಆರಂಭಕ್ಕಿಂತ ಇಂಥ ಮಂದ ಆರಂಭವೇ ಮೇಲು. ಯಂತ್ರ ಕಂಡುಹಿಡಿಯುವಂಥ ಬಾಂಬು ಇಂಥ ಕಡೆ ಕಡಿಮೆ. ಆನಂದ್ ಬೆನ್ನಿಗೂ ಜನ ಇದ್ದರು: ಪೀಟರ್ ಹೈನ್ ನೀಲ್ಸನ್, ರುಸ್ತಮ್ ಕಾಸಿಮ್‌ಜಾನೊವ್, ಸೂರ್ಯಶೇಖರ್ ಗಂಗೂಲಿ, ರಾದೊಸ್ವಾವ್ ವೊಯ್ತಾಶೆಕ್. ಜೊತೆಗೆ ಗ್ಯಾರಿ ಕಾಸ್ಪರೋವ್, ಕ್ರಾಮ್ನಿಕ್, ಮ್ಯಾಗ್ನಸ್ ಕಾರ್ಲ್‌ಸನ್ ಕೂಡ ನೆರವಾಗಿದ್ದರೆಂದು ಪಂದ್ಯ ಮುಗಿದ ಮೇಲೆ ಆನಂದ್ ತಾವೇ ಹೇಳಿದರು.

19ನೇ ನಡೆ ಮುಗಿದಾಗ ಬೋರ್ಡು ಹೀಗಿತ್ತು. ಎರಡೂ ಕಡೆ ಮಂತ್ರಿ, ಎರಡೆರಡು ಆನೆ, ಆರಾರು ಕಾಲಾಳು. ಬಿಳಿಗೆ ಒಂದು ಕುದುರೆ, ಕಪ್ಪಿಗೆ ಒಂದು ಒಂಟೆ. ಕಪ್ಪಿನ ಎ7 ಮತ್ತು ಸಿ5ರ ಕಾಲಾಳುಗಳು ಅಕ್ಕಪಕ್ಕ ಜೊತೆಯಿಲ್ಲದೆ ಒಂಟಿಯಾಗಿದ್ದವು. ಅವನ್ನು ಕಾಯಲು ಕಾಯಿಗಳೇ ಬೇಕು. ಪುಸ್ತಕದ ಪ್ರಕಾರ ಬಿಳಿ ಒತ್ತುತ್ತಿದೆ. ಆದರೆ ಒತ್ತಿ ಒತ್ತಿ ಗೆಲ್ಲುವಷ್ಟು ಒತ್ತೇನಲ್ಲ.

ಅಲ್ಲಿಂದ ಹತ್ತು ನಡೆ ಹೆಚ್ಚೇನೂ ಆಗುವುದಿಲ್ಲ. ಆ ಹತ್ತು ನಡೆಯನ್ನು ನಾನು ಮತ್ತೆ ಮತ್ತೆ ಆಡಿಸಿ ನೋಡಿದ್ದೇನೆ, ಯಾಕೆಂದರೆ ಮುಂದಿನದಕ್ಕೆಲ್ಲ ಬೀಜ ಅಲ್ಲೇ ಇದೆ. ಆನಂದ್ ಅವರ ಒಂಟೆಯನ್ನಷ್ಟೇ ಹಿಂಬಾಲಿಸಿ: ಬಿ7, ಎ6, ಡಿ3, ಮತ್ತೆ ಎ6, ಮತ್ತೆ ಬಿ7. ಸಂತೆಗೆ ಬಂದು ಏನೂ ಕೊಳ್ಳದೆ ಅಂಗಡಿ ಅಂಗಡಿ ಸುತ್ತುವವರ ಹಾಗೆ. ನಿಜವಾಗಿ ಅದು ಕೇಳುತ್ತಿದ್ದ ಪ್ರಶ್ನೆ ಒಂದೇ: ನನಗೆ ಹೀಗೇ ಇದ್ದರೂ ಸರಿ, ನಿನಗೆ? ಇತ್ತ ಟೊಪಲೋವ್ 21ರಲ್ಲಿ ಎಫ್-ಕಾಲಾಳನ್ನು ಎಫ್3ಕ್ಕೆ ತಂದು ಆ ಒಂಟೆಯ ಓರೆದಾರಿಗೆ ಅಡ್ಡ ಇಟ್ಟರು. 23ರಲ್ಲಿ ಜಿ3, 24ರಲ್ಲಿ ರಾಜ ಜಿ2ಕ್ಕೆ. 26ರಲ್ಲಿ ಸಿ3ರ ಆನೆಯನ್ನು ಎ3ಕ್ಕೆ ಸರಿಸಿ ಎ7ರ ಕಾಲಾಳಿನ ಮೇಲೆ ಕಣ್ಣಿಟ್ಟರು. 28ರಲ್ಲಿ ಕುದುರೆ ಎ5ಕ್ಕೆ ಬಂದು ಬಿ7ರ ಒಂಟೆಯನ್ನು ಗದರಿತು.

ಒಂಟೆ ಎ8ಕ್ಕೆ ಹಿಂಜರಿಯಿತು.

ಮೂಲೆಮನೆ. ಚದುರಂಗ ಕಲಿಯುವ ಮಕ್ಕಳಿಗೆ 'ಕಾಯಿಯನ್ನು ಮೂಲೆಗೆ ತಳ್ಳಬೇಡ' ಎಂದು ಹೇಳಿಕೊಡುತ್ತಾರಲ್ಲ, ಅಂಥ ಮೂಲೆ. ಆ ಒಂಟೆ ಮುಂದಿನ ಹದಿನೇಳು ನಡೆ ಅಲ್ಲಿಂದ ಅಲ್ಲಾಡುವುದಿಲ್ಲ. ಟೊಪಲೋವ್ ಅವರ ಕುದುರೆ 29ರಲ್ಲಿ ಸಿ4ಕ್ಕೆ ಬಂದು ಒಳ್ಳೆಯ ಜಾಗ ಹಿಡಿಯಿತು. ಆನಂದ್ ಇ-ಕಾಲಾಳನ್ನು ಇ5ಕ್ಕೆ ದೂಡಿದರು. 30ರಲ್ಲಿ ಟೊಪಲೋವ್ ತಮ್ಮ ಇ-ಕಾಲಾಳನ್ನು ಇ4ಕ್ಕೆ ಇಟ್ಟರು. ಈಗ ಎ8ರಿಂದ ಎಚ್1ರವರೆಗಿನ ಓರೆದಾರಿಗೆ ಎರಡು ಬಾಗಿಲು ಬಿತ್ತು: ಒಂದು ಇ4ರಲ್ಲಿ, ಇನ್ನೊಂದು ಎಫ್3ರಲ್ಲಿ. ದಾರಿಯ ಆಚೆ ತುದಿಯಲ್ಲಿ, ಜಿ2ರಲ್ಲಿ, ಬಿಳಿ ರಾಜ ಕೂತಿದ್ದಾನೆ. ಎರಡು ಬಾಗಿಲ ಹಿಂದೆ ಇದ್ದಾನೆ, ನೆಮ್ಮದಿಯಾಗಿದ್ದಾನೆ.

ಆನಂದ್ ಎಫ್-ಕಾಲಾಳನ್ನು ಎಫ್5ಕ್ಕೆ ಇಟ್ಟು ಮೊದಲ ಬಾಗಿಲು ತಟ್ಟಿದರು.

ಇಲ್ಲಿ ಕೊಂಚ ನಿಲ್ಲಬೇಕು. ಈ ಕ್ಷಣದಲ್ಲಿ ಬಿಳಿ ಏನೂ ಕಳೆದುಕೊಂಡಿಲ್ಲ. ಕಪ್ಪು ಮಾಡಿರುವುದು ಒಂದು ಪ್ರಶ್ನೆ ಮಾತ್ರ. ಸಮಸಮ ಸಾಕು ಎಂದುಕೊಂಡವನಿಗೆ ಇಂಥ ಕಡೆ ಮೊದಲು ಹೊಳೆಯುವುದು ತನ್ನ ರಾಜ: ಆ ಒಂಟೆ ಯಾಕೆ ಅಲ್ಲಿದೆ, ನನ್ನ ಒಂದು ಆನೆ ಎ3ರಲ್ಲಿ ದೂರ ಇದೆಯಲ್ಲ, ಬಾಗಿಲು ತೆರೆದರೆ ಯಾರು ಬಂದು ಕಾಯುತ್ತಾರೆ? ಗೆಲ್ಲಲೇಬೇಕು ಎಂದುಕೊಂಡವನಿಗೆ ಮೊದಲು ಕಾಣುವುದು ಎಫ್5ರ ಕಾಲಾಳು. ಹೊಡೆದರೆ ಒಂದು ಹೆಚ್ಚಾಗುತ್ತದೆ, ಆಟಕ್ಕೆ ಕೊನೆಗೂ ಒಂದು ಅಸಮತೋಲ ಸಿಗುತ್ತದೆ. ಟೊಪಲೋವ್ ತಮ್ಮ ಜೀವಮಾನವಿಡೀ ಆಡಿದ್ದು ಇಂಥ ಚದುರಂಗವನ್ನೇ. ಕಾಯಿ ಕೊಟ್ಟು, ರಾಜನನ್ನು ಬಯಲಿಗೆ ತಂದು, ಎದುರಾಳಿಯನ್ನು ಉಸಿರಾಡಲು ಬಿಡದೆ. 2005ರಲ್ಲಿ ಅರ್ಜೆಂಟೀನಾದ ಸ್ಯಾನ್ ಲೂಯಿಸ್‌ನಲ್ಲಿ ವಿಶ್ವ ಪಟ್ಟ ಗೆದ್ದದ್ದೂ ಆ ಧೈರ್ಯದಿಂದಲೇ. ಹಾಗಾಗಿ 31ನೇ ನಡೆಯನ್ನು ದುಡುಕು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದು ಅವರ ಸ್ವಭಾವದ ನಡೆ. ಆ ದಿನ ಸ್ವಭಾವದ ಜೊತೆಗೆ ಟೈಬ್ರೇಕಿನ ಭಯವೂ ಸೇರಿತ್ತು, ಎರಡೂ ಒಂದೇ ಕಡೆಗೆ ಎಳೆಯುತ್ತಿದ್ದವು.

ಅವರು ಎಫ್5ರಲ್ಲಿ ಹೊಡೆದರು. ಇ4ರ ಬಾಗಿಲು ತೆರೆಯಿತು.

ಆನಂದ್ ಕಾಲಾಳನ್ನು ಇ5ರಿಂದ ಇ4ಕ್ಕೆ ನುಗ್ಗಿಸಿದರು. ಇನ್ನೊಂದು ಬಲಿ. ಬೋರ್ಡು ನೋಡದೆ ಬರೀ ಲೆಕ್ಕ ನೋಡಿದರೆ ಈಗ ಬಿಳಿಗೆ ಒಂದು ಕಾಲಾಳು ಹೆಚ್ಚು ಇದೆ, ಇನ್ನೊಂದು ಕೈಗೆಟುಕುವಂತಿದೆ. ತಪ್ಪು ಎಲ್ಲಿ ಶುರುವಾಯಿತು ಎಂದು ಕೇಳಿದರೆ ವಿಶ್ಲೇಷಕರು 31ನ್ನೂ ತೋರಿಸುತ್ತಾರೆ, ಆದರೆ ದೊಡ್ಡ ತಪ್ಪಿನ ಗುರುತಾದ ಎರಡು ಪ್ರಶ್ನೆಚಿಹ್ನೆ ಬೀಳುವುದು 32ಕ್ಕೆ. ಟೊಪಲೋವ್ ಎಫ್3ರ ಕಾಲಾಳಿನಿಂದ ಇ4ರದನ್ನೂ ಹೊಡೆದರು. ಎರಡನೇ ಬಾಗಿಲನ್ನೂ ಅವರೇ ತೆಗೆದರು. ಆನಂದ್ ಅವರ ಮಂತ್ರಿ ಇ7ರಿಂದ ಇ4ಕ್ಕೆ ಬಂದು ಹೊಡೆದು, ಚೆಕ್ ಕೊಟ್ಟಿತು. ಮೂಲೆಯ ಒಂಟೆ ಬೆನ್ನ ಹಿಂದೆ, ಮಂತ್ರಿ ಮುಂದೆ, ಇಬ್ಬರೂ ಒಂದೇ ಗೆರೆಯಲ್ಲಿ, ಎದುರಿಗೆ ರಾಜ.

ಈಗ ರಾಜನಿಗಿರುವ ದಾರಿಗಳನ್ನು ಎಣಿಸಿ. ಜಿ1ಕ್ಕೆ ಹೋದರೆ ಮಂತ್ರಿ ಎಚ್1ಕ್ಕೆ ಇಳಿದು ಅಲ್ಲೇ ಮಾತ್. ಹಿಂದಿನಿಂದ ಒಂಟೆ ಕಾಯುತ್ತಿರುವುದರಿಂದ ಮಂತ್ರಿಯನ್ನು ಮುಟ್ಟುವ ಹಾಗಿಲ್ಲ. ಎಫ್1ಕ್ಕೆ ಹೋದರೆ ಎಚ್1ರಲ್ಲಿ ಅದೇ ಚೆಕ್, ರಾಜ ಇ2ಕ್ಕೆ ಸರಿದೊಡನೆ ಸಿ1ರಲ್ಲಿರುವ ಬಿಳಿ ಮಂತ್ರಿ ಹೋಗುತ್ತದೆ. ಟೊಪಲೋವ್ ರಾಜನನ್ನು ಎಚ್3ಕ್ಕೆ ನಡೆಸಿದರು. ಹೋದದ್ದೇನೋ ಸರಿ, ವಾಪಸು ಬರುವಂತಿಲ್ಲ: ಜಿ2 ಇನ್ನು ಎ8ರ ಒಂಟೆಯದು.

33ರಲ್ಲಿ ಕಪ್ಪು ಆನೆ ಡಿ4ಕ್ಕೆ ಬಂದು ಸಿ4ರ ಕುದುರೆಯನ್ನು ಕೆಣಕಿತು. ಕುದುರೆ ಇ3ಕ್ಕೆ ಇಳಿಯಿತು, ರಾಜನ ಸಹಾಯಕ್ಕೆ. ನೋಡಿ ವಿಪರ್ಯಾಸ: ಎ3ರಲ್ಲಿದ್ದ ಆನೆ ರಾಜನ ಬಳಿಗೆ ಓಡಿಬರಬೇಕಾದ ದಾರಿ ಮೂರನೇ ಸಾಲು, ಆ ಸಾಲಿನ ನಡುವೆ ಈಗ ಸ್ವಂತ ಕುದುರೆಯೇ ನಿಂತಿತು.

ಆಮೇಲೆ ಬಂತು ಈ ಆಟದ ನನ್ನ ಮೆಚ್ಚಿನ ನಡೆ. ಎದುರಾಳಿಯ ರಾಜ ಬಯಲಲ್ಲಿದ್ದಾನೆ, ನಿಮ್ಮ ಮಂತ್ರಿ ಬೋರ್ಡಿನ ನಟ್ಟನಡುವೆ ಗರ್ಜಿಸುತ್ತಿದೆ. ಹತ್ತರಲ್ಲಿ ಒಂಬತ್ತು ಜನ ಅದನ್ನು ಇನ್ನೂ ಮುಂದಕ್ಕೆ ತಳ್ಳುತ್ತಾರೆ, ಇನ್ನೊಂದು ಚೆಕ್ ಹುಡುಕುತ್ತಾರೆ. ಆನಂದ್ 34ರಲ್ಲಿ ಮಂತ್ರಿಯನ್ನು ಇ8ಕ್ಕೆ, ತಮ್ಮ ಮನೆಯಂಗಳಕ್ಕೆ ಹಿಂದೆಗೆದರು. ಹಿಂದೆಗೆದ ಮಂತ್ರಿ ಮುಂದಿನ ನಡೆಯಲ್ಲಿ ಎಚ್5ಕ್ಕೆ ಹೋದರೆ ಮಾತ್. ಎಣಿಸಿ ನೋಡಿ: ಎಚ್5ರಿಂದ ಚೆಕ್ ಬಂದರೆ ಜಿ2ರಲ್ಲಿ ಒಂಟೆ, ಜಿ4ರಲ್ಲಿ ಮಂತ್ರಿ ಮತ್ತು ಆನೆ, ಎಚ್4ರಲ್ಲಿ ಅಡ್ಡ ಬರಲು ಯಾರೂ ಇಲ್ಲ. ಮಂತ್ರಿ ಪಕ್ಕಕ್ಕೆ ಸರಿದದ್ದರಿಂದ ಒಂಟೆಯ ದಾರಿ ಪೂರ್ತಿ ತೆರವಾಯಿತು ಬೇರೆ. ಪಟ್ಟದ ಆಟ, ಐದೂವರೆ ಐದೂವರೆ, ಎದೆ ಬಡಿದುಕೊಳ್ಳುತ್ತಿರುವ ಹೊತ್ತು. ಅಂಥ ಹೊತ್ತಿನಲ್ಲಿ ಹಿಂದಕ್ಕೆ ಹೋಗುವ ನಡೆ ಕಣ್ಣಿಗೆ ಬೀಳಬೇಕಾದರೆ ಮನಸ್ಸು ಬೋರ್ಡಿನಲ್ಲೇ ಇರಬೇಕು. ಎಂಟನೇ ಆಟದಲ್ಲಿ ಸೋತವರೂ ಇದೇ ಮನುಷ್ಯ ಎಂದು ನೆನಪಿಸಿಕೊಂಡರೆ ಇನ್ನೂ ಆಶ್ಚರ್ಯ.

ಟೊಪಲೋವ್ ಜಿ-ಕಾಲಾಳನ್ನು ಜಿ4ಕ್ಕೆ ಇಟ್ಟು ಎಚ್5ಕ್ಕೆ ಹೋಗುವ ಹಾದಿ ಮುಚ್ಚಿದರು. ಆನಂದ್ ಎಚ್-ಕಾಲಾಳನ್ನು ಎಚ್5ಕ್ಕೆ ತಂದು ಆ ಮುಚ್ಚಳವನ್ನೇ ಕಿತ್ತರು. 36ರಲ್ಲಿ ಬಿಳಿ ರಾಜ ಎಚ್4ಕ್ಕೆ ನಡೆದ. ಅಂತ್ಯದಾಟದಲ್ಲಿ ರಾಜ ಅಲ್ಲಿದ್ದರೆ ಹೊಗಳುತ್ತೇವೆ, ಮಂತ್ರಿಗಳೂ ನಾಲ್ಕು ಆನೆಗಳೂ ಇರುವಾಗ ಅದು ಬೀದಿಗೆ ಬಿದ್ದ ರಾಜ. ಜಿ5ಕ್ಕೆ ಕಾಲಾಳು ಬಂದು ಚೆಕ್. ಎರಡು ಮನೆ ದಾಟಿ ಪಕ್ಕಕ್ಕೆ ಬಂದ ಕಾಲಾಳನ್ನು ಒಂದೇ ಮನೆ ನಡೆದಂತೆ ಎಣಿಸಿ ಹೊಡೆಯುವ ನಿಯಮದಂತೆ ಎಫ್5ರ ಬಿಳಿ ಕಾಲಾಳು ಜಿ6ಕ್ಕೆ ಸರಿದು ಅದನ್ನು ಹೊಡೆಯಿತು, ಮಂತ್ರಿ ಜಿ6ರಲ್ಲಿ ಅದನ್ನು ಹೊಡೆಯಿತು. 38ರಲ್ಲಿ ಬಿಳಿ ಮಂತ್ರಿ ಎಫ್1ಕ್ಕೆ ಓಡಿಬಂತು, ಕಪ್ಪು ಆನೆ ಜಿ4ರ ಕಾಲಾಳನ್ನು ಹೊಡೆದು ಮತ್ತೆ ಚೆಕ್ ಕೊಟ್ಟಿತು. ರಾಜ ಎಚ್3ಕ್ಕೆ ವಾಪಸು.

ಗಡಿಯಾರದ ಬಗ್ಗೆ ಒಂದು ಮಾತು. ಮೊದಲ 40 ನಡೆಗೆ ಎರಡು ಗಂಟೆ, ನಂತರದ 20ಕ್ಕೆ ಒಂದು ಗಂಟೆ, ಆಮೇಲೆ 15 ನಿಮಿಷ; ಒಂದೊಂದು ನಡೆಗೆ 30 ಸೆಕೆಂಡು ಸೇರುವುದು 61ನೇ ನಡೆಯಿಂದ ಮಾತ್ರ. ಅಂದರೆ ಆಟದ ಅತಿ ತೊಡಕಿನ ಭಾಗವೆಲ್ಲ ಬಿದ್ದದ್ದು 40ರ ಗಡಿಗೆ ಒತ್ತಿಕೊಂಡು, ಸೆಕೆಂಡು ಸೇರದ ಗಡಿಯಾರದ ಕೆಳಗೆ. ಈಗಿನ ಹುಡುಗರು ಪ್ರತಿ ನಡೆಗೆ ಸಮಯ ಸೇರುವ ಆಟಕ್ಕೆ ಒಗ್ಗಿದ್ದಾರೆ. ಅವರಿಗೆ ಈ ಇಕ್ಕಟ್ಟು ಹೇಳಿ ತಿಳಿಸುವುದು ಕಷ್ಟ.

41ರಲ್ಲಿ ಬಿಳಿ ಕುದುರೆ ಎಫ್5ಕ್ಕೆ ಹಾರಿ ಚೆಕ್ ಕೊಟ್ಟಾಗ ಮೂರನೇ ಸಾಲು ಕೊನೆಗೂ ತೆರವಾಯಿತು. 26ರಿಂದ ಎ3ರಲ್ಲೇ ಕೂತಿದ್ದ ಆನೆ 42ರಲ್ಲಿ ಜಿ3ಕ್ಕೆ ಧಾವಿಸಿ ಬಂತು. ಬಂದ ತಕ್ಷಣ ಅದನ್ನು ಕಪ್ಪು ಆನೆ ಹೊಡೆಯಿತು. ಹದಿನೈದು ನಡೆ ತಡವಾಗಿ ಬಂದ ಸಹಾಯ. ಎಚ್-ಕಾಲಾಳು ಆನೆಯನ್ನು ಹೊಡೆದದ್ದೇ ಮಂತ್ರಿ ಜಿ4ರಿಂದ ಚೆಕ್, ರಾಜ ಎಚ್2, ಇನ್ನೊಂದು ಆನೆ ಇ2ಕ್ಕೆ ಇಳಿದು ಚೆಕ್, ರಾಜ ಜಿ1, ಅದೇ ಆನೆ ಜಿ2ಕ್ಕೆ ಬಂದು ಚೆಕ್. ಆನೆಯ ಬೆನ್ನಿಗೆ ಇದ್ದದ್ದು ಯಾರು ಎಂದು ಹೇಳಬೇಕಿಲ್ಲ. ಬಿಳಿ ಮಂತ್ರಿ ಆನೆಯನ್ನು ಹೊಡೆಯಿತು. 28ನೇ ನಡೆಯಲ್ಲಿ ಮೂಲೆಗೆ ಅಟ್ಟಿಸಿಕೊಂಡಿದ್ದ ಒಂಟೆ 46ರಲ್ಲಿ ಎ8ರಿಂದ ಒಂದೇ ಓಟಕ್ಕೆ ಜಿ2ಕ್ಕೆ ಬಂದು ಮಂತ್ರಿಯನ್ನು ಹೊಡೆದು, ತಾನೂ ರಾಜನ ಕೈಯಲ್ಲಿ ಬಿತ್ತು.

ಉಳಿದದ್ದು ಕಪ್ಪಿಗೆ ಮಂತ್ರಿ, ಬಿಳಿಗೆ ಆನೆ ಮತ್ತು ಕುದುರೆ, ಇಬ್ಬರಿಗೂ ಮೂರು ಮೂರು ಕಾಲಾಳು. ಅಲ್ಲಿಂದ ಹತ್ತು ನಡೆ. 56ರಲ್ಲಿ ಆನಂದ್ ಮಂತ್ರಿಯನ್ನು ಜಿ7ಕ್ಕೆ ತಂದಾಗ ಟೊಪಲೋವ್ ಸೋಲೊಪ್ಪಿದರು. 6.5–5.5.

ಆಟ ಸೋತವರನ್ನು ಆಮೇಲೆ ಕೂತು ಅಳೆಯುವುದು ಸುಲಭ. ನನಗೆ ಕಾಡುವ ಪ್ರಶ್ನೆ ಬೇರೆ: ಟೊಪಲೋವ್ ಅವರ ಯೋಜನೆ ತಪ್ಪಾಗಿತ್ತೇ? ಟೈಬ್ರೇಕ್‌ನಲ್ಲಿ ಆನಂದ್ ಮುಂದೆ ತಮಗೆ ಅವಕಾಶ ಕಡಿಮೆ ಎಂಬ ಅವರ ಅಂದಾಜು ಸರಿಯೇ ಇತ್ತು. ಅವಕಾಶ ಕಡಿಮೆ ಇರುವ ಕಡೆಗೆ ಹೋಗದೆ ಕೈಯಲ್ಲಿ ಬಿಳಿ ಕಾಯಿ ಇರುವಾಗಲೇ ಪ್ರಯತ್ನಿಸುವುದು ಜಾಣತನವೇ. ಎಡವಿದ್ದು ಲೆಕ್ಕದ ಇನ್ನೊಂದು ಕಡೆ. ಕಡಿಮೆ ಅವಕಾಶ ಎಂದರೆ ಶೂನ್ಯವಲ್ಲ. ಬೋರ್ಡು ಸಮವಾಗಿರುವಾಗ ಆ ಸಣ್ಣ ಅವಕಾಶಕ್ಕೂ ಒಂದು ಬೆಲೆ ಇದೆ, 31ನೇ ನಡೆಯಲ್ಲಿ ಅದನ್ನು ಅವರು ಎಣಿಸಲೇ ಇಲ್ಲವೇನೋ. ಆನಂದ್ ಕಡೆ ನೋಡಿದರೆ, ಅವರು ಗೆಲ್ಲಲು ಕೂತವರಂತೆ ಕಾಣುವುದೇ ಇಲ್ಲ, 30ನೇ ನಡೆಯವರೆಗೂ. ಎದುರಾಳಿಗೆ ಆತುರವಿದೆ ಎಂದು ತಿಳಿದು ಆತುರಕ್ಕೆ ಜಾಗ ಬಿಟ್ಟು ಕೂತರು. ಜಾಗ ಸಿಕ್ಕಿದ್ದೇ 30ರಿಂದ 34ರವರೆಗೆ ಐದು ನಡೆಯಲ್ಲಿ ಬೇರೆಯೇ ಆಟಗಾರ. ಕಾಯುವುದು ಮತ್ತು ಹೊಡೆಯುವುದು ಒಬ್ಬನಲ್ಲೇ ಇರುವುದು ಅಪರೂಪ.

ಇದೇ ಪ್ರಕರಣದ ಕನ್ನಡಿ ಬಿಂಬ ಹದಿನಾಲ್ಕು ವರ್ಷದ ಮೇಲೆ ಸಿಂಗಪುರದಲ್ಲಿ ಕಂಡಿತು. 2024ರ ಡಿಸೆಂಬರ್ 12, ಹದಿನಾಲ್ಕನೇ ಆಟ, ಅಂಕ 6.5–6.5. ಹಾಲಿ ಚಾಂಪಿಯನ್ ಡಿಂಗ್ ಲಿರೆನ್ ಬಿಳಿ, ಹದಿನೆಂಟರ ಗುಕೇಶ್ ಕಪ್ಪು. ಈ ಸಲ ಟೈಬ್ರೇಕ್ ಬೇಕಾಗಿದ್ದದ್ದು ಬಿಳಿ ಕಡೆಯವರಿಗೆ. ಅನುಭವವೂ ರ‍್ಯಾಪಿಡ್ ಬಲವೂ ಡಿಂಗ್ ಅವರದೇ ಹೆಚ್ಚು ಎಂದು ಎಲ್ಲರೂ ಎಣಿಸಿದ್ದರು. ಟೊಪಲೋವ್ ನಾಳೆಗೆ ಹೆದರಿ ಬೋರ್ಡನ್ನು ಒಡೆದರೆ, ಡಿಂಗ್ ನಾಳೆಯನ್ನು ನೆಚ್ಚಿ ಬೋರ್ಡನ್ನು ಖಾಲಿ ಮಾಡುತ್ತಾ ಹೋದರು. ಒಂದು ಕಾಲಾಳು ಹೋದರೂ ಚಿಂತೆಯಿಲ್ಲ, ಆನೆ ಮತ್ತು ಒಂಟೆ ಎದುರುಬದುರು ಇದ್ದರೆ ಡ್ರಾ ಹಿಡಿಯಬಹುದು ಎಂಬ ನಂಬಿಕೆ. ನಂಬಿಕೆ ತಪ್ಪೇನಲ್ಲ. ಗುಕೇಶ್ ಮಾತ್ರ ಎದ್ದು ಹೋಗಲಿಲ್ಲ, ಗಂಟೆಗಟ್ಟಲೆ ಕೂತು ಒಂದು ಕಾಲಾಳಿನ ಮುನ್ನಡೆಯನ್ನೇ ಕೆದಕುತ್ತಾ ಇದ್ದರು.

55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದು ಆನೆಗಳ ವಿನಿಮಯಕ್ಕೆ ಮುಂದಾದರು. ಗುಕೇಶ್ ನಡೆ ಕಂಡ ಕೂಡಲೇ ಆಡಲಿಲ್ಲ. ಅವರ ಮುಖ ಬದಲಾದದ್ದನ್ನು ಜಗತ್ತೇ ನೇರಪ್ರಸಾರದಲ್ಲಿ ನೋಡಿತು. ಆನೆ ಆನೆಯನ್ನು ಹೊಡೆಯಿತು, ರಾಜ ಆನೆಯನ್ನು ಹೊಡೆದ. 56ರಲ್ಲಿ ಕಪ್ಪು ಒಂಟೆ ಡಿ5ಕ್ಕೆ ಬಂದು ನಿಂತಿತು. ಬಿಳಿ ಒಂಟೆ ಜಾರಿಕೊಂಡು ಹೋಗಿದ್ದರೆ ಆಟ ಇನ್ನೂ ಉಳಿಯುತ್ತಿತ್ತು. ಆದರೆ ಅದಕ್ಕೆ ಹೋಗಲು ಇದ್ದ ಮನೆಗಳು ಬಿ7, ಸಿ6, ಡಿ5 ಮಾತ್ರ. ಎಲ್ಲವೂ ಒಂದೇ ಗೆರೆಯ ಮೇಲೆ: ಬಿ7, ಸಿ6ರಲ್ಲಿ ನಿಂತರೆ ಕಪ್ಪು ಒಂಟೆಯ ಬಾಯಿಗೆ, ಡಿ5ರಲ್ಲಿ ಹೊಡೆದರೆ ಕಪ್ಪು ರಾಜನ ಕೈಗೆ. ಒಂಟೆಗಳು ಬದಲಾದವು, ಬರೀ ರಾಜ ಮತ್ತು ಕಾಲಾಳು ಉಳಿದವು, 58ನೇ ನಡೆಗೆ ಡಿಂಗ್ ಸೋಲೊಪ್ಪಿದರು. ಆ ಬಿಳಿ ಒಂಟೆ ಕೂತಿದ್ದ ಮೂಲೆಮನೆ ಎ8.